ತೆಗೆದವನ ಋಣ



ದಿನಪತ್ರಿಕೆಯನ್ನು ಬಿಡಿಸಿದೊಡನೆ ತಮ್ಮ ಕಣ್ಣು ಮೊದಲು ಹೋಗಿ ನಿಲ್ಲುವುದು ಚಿತ್ರದ ಮೇಲೆ. ಇದು ತಮ್ಮೊಬ್ಬರ ದೌರ್ಬಲ್ಯವಲ್ಲ, ಮನುಷ್ಯನ ಕಣ್ಣಿನ ಸ್ವಭಾವವೇ ಹಾಗೆ. ಸುದ್ದಿ ಬರೆದವನ ಹೆಸರನ್ನು ಕೆಲವರಾದರೂ ಓದುತ್ತಾರೆ. ಚಿತ್ರದ ಅಂಚಿನಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿರುವ ಛಾಯಾಗ್ರಾಹಕನ ಹೆಸರನ್ನು ಓದುವವರು ವಿರಳ. ಸಣ್ಣ ಊರಿನ ಚಿತ್ರಗಳಿಗಂತೂ ಅನೇಕ ವೇಳೆ ಹೆಸರೇ ಇರುವುದಿಲ್ಲ. ಅಂಥ ಅನಾಮಧೇಯನೊಬ್ಬನ ವೃತ್ತಿಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಪರರ ಮುಖವನ್ನು, ಅದರಲ್ಲಿಯೂ ಪರರ ದುಃಖವನ್ನು, ಚಿತ್ರವಾಗಿ ತೆಗೆದುಕೊಂಡು ಹೋಗುವವನಿಗೆ ಅವರಲ್ಲಿ ಯಾವ ಬಗೆಯ ಋಣ ಉಂಟಾಗುತ್ತದೆ? ಆ ಋಣ ಅವನೊಬ್ಬನದೇ, ಅಥವಾ ನೋಡಿದ ನಮಗೂ ಅದರಲ್ಲಿ ಪಾಲುಂಟೇ?

ದೊಡ್ಡ ನಗರದ ಪತ್ರಿಕಾಲಯಗಳಲ್ಲಿ ಸಂಬಳ ಪಡೆಯುವ ಛಾಯಾಗ್ರಾಹಕರಿರುತ್ತಾರೆ. ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳ ಛಾಯಾಗ್ರಾಹಕನ ಬದುಕೇ ಬೇರೆ. ಬಹುಮಂದಿಗೆ ದೊರೆಯುವುದು ಅಚ್ಚಾದ ಚಿತ್ರಕ್ಕೆ ಇಷ್ಟೆಂಬ ಸಂಭಾವನೆ, ಇಲ್ಲವೇ ತಿಂಗಳಿಗೊಂದು ಅಲ್ಪ ಮೊತ್ತ. ಸಂಸಾರವನ್ನು ನಡೆಸುವುದು ಬಸ್ ನಿಲ್ದಾಣದ ಎದುರಿನ ಸ್ಟುಡಿಯೊ, ಮದುವೆ ಸೀಮಂತಗಳ ಆಲ್ಬಮ್, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರ. ಬೆಳಿಗ್ಗೆ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಧರಣಿ. ಅದು ಮುಗಿಯುವುದರೊಳಗೆ ಯಾವುದೋ ಸಂಘದ ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಫಲತಾಂಬೂಲ. ಮಧ್ಯಾಹ್ನ ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಬೆಲೆ ಕುಸಿದು ರೈತರು ಸಿಟ್ಟಿನಿಂದ ಸುರಿದ ಈರುಳ್ಳಿ. ಸಂಜೆ ಜಾತ್ರೆಯ ತೇರು. ರಾತ್ರಿ ಹೆದ್ದಾರಿಯಲ್ಲಿ ಲಾರಿಯ ಕೆಳಗೆ ನುಗ್ಗಾದ ಟಂಟಂ. ಸನ್ಮಾನಿತರ ನಗುವನ್ನೂ ಸತ್ತವರ ಹೆಂಡಿರ ಅಳುವನ್ನೂ ಒಂದೇ ದಿನದಲ್ಲಿ, ಒಂದೇ ಕಣ್ಣಿನಿಂದ ನೋಡಬೇಕಾದ ವೃತ್ತಿ ಇದು. ವೈದ್ಯರಿಗೂ ಹೀಗೆಯೇ ಅಲ್ಲವೇ ಎಂದು ತಾವು ಕೇಳಬಹುದು. ವೈದ್ಯನು ಅಳುವವರ ಮನೆಗೆ ಹೋಗುವಾಗ ಕೈಯಲ್ಲಿ ಔಷಧವನ್ನು ಹಿಡಿದಿರುತ್ತಾನೆ. ಇವನ ಕೈಯಲ್ಲಿ ಏನಿದೆ?

ಫಿಲ್ಮಿನ ಕಾಲದಲ್ಲಿ ಈ ಕೈಗೆ ಒಂದು ಕಟ್ಟುಪಾಡಿತ್ತು. ಚೌಕ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ 120 ಅಳತೆಯ ಒಂದು ಸುರುಳಿಗೆ ಬರುತ್ತಿದ್ದುದು 12 ಚಿತ್ರ, 35 ಮಿ.ಮೀ. ಸುರುಳಿಯಾದರೆ 36. ಊಟಿಯಲ್ಲಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಸ್ವದೇಶಿ ಫಿಲ್ಮನ್ನು ಮಾರುಕಟ್ಟೆಗೆ ತಂದಿದ್ದರೂ ಸಣ್ಣ ಸ್ಟುಡಿಯೊದವನಿಗೆ ಒಂದೊಂದು ಚೌಕಟ್ಟೂ ದುಡ್ಡೇ. ಹನ್ನೆರಡರಲ್ಲಿ ಮೂರು ಸಮಾರಂಭಗಳನ್ನು ಮುಗಿಸಬೇಕಾದವನು ಗುಂಡಿ ಒತ್ತುವ ಮೊದಲು ಒಂದು ಕ್ಷಣವಾದರೂ ಯೋಚಿಸುತ್ತಿದ್ದ. ಆ ಸಂಯಮ ಬಡತನದಿಂದ ಬಂದದ್ದು ನಿಜ, ಆದರೂ ಸಂಯಮವೇ. ಆಮೇಲೆ ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ, ಕೆಂಪು ದೀಪ, ಒಂದು ತಟ್ಟೆಯಲ್ಲಿ ಡೆವಲಪರ್, ಒಂದರಲ್ಲಿ ನೀರು, ಇನ್ನೊಂದರಲ್ಲಿ ಹೈಪೊ. ಬಿಳಿಯ ಕಾಗದದ ಮೇಲೆ ಮೆಲ್ಲನೆ ಒಂದು ಮುಖ ಮೂಡಿ ಬರುವಾಗ, ಅದು ಮಧ್ಯಾಹ್ನ ಕಂಡ ಶವದ ಮುಖವಾಗಿದ್ದರೆ, ಅವನೊಬ್ಬನೇ ಆ ಕತ್ತಲಲ್ಲಿ ಅದರೆದುರು ನಿಂತಿರಬೇಕಾಗುತ್ತಿತ್ತು. ಒಣಗಿದ ಪ್ರತಿಯನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುವವರೆಗೆ, ಕಳುಹಿಸಲೋ ಬೇಡವೋ ಎಂದು ಮನಸ್ಸಿನೊಡನೆ ಮಾತಾಡಲು ಕೆಲವು ಗಂಟೆಗಳ ಅವಕಾಶವಾದರೂ ಇತ್ತು. ಇಂದು ಚಿತ್ರ ತೆಗೆದ ನಿಮಿಷದಲ್ಲಿಯೇ ಮೊಬೈಲಿನಿಂದ ಪತ್ರಿಕಾಲಯಕ್ಕೆ ಮುಟ್ಟುತ್ತದೆ. ವೇಗ ಬಂದದ್ದಕ್ಕೆ ನಾನು ಮರುಗುವವನಲ್ಲ. ಆ ಕೆಲವು ಗಂಟೆಗಳು ಎಲ್ಲಿಗೆ ಹೋದವೆಂಬುದೇ ನನ್ನ ಚಿಂತೆ.

ಇನ್ನು ಸತ್ಯದ ಮಾತು. 1950ರಲ್ಲಿ ಆಗಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ನಮ್ಮ ಊರೂರುಗಳಲ್ಲಿ ಪ್ರತಿ ಮಳೆಗಾಲದಲ್ಲಿ ಗಣ್ಯರು ಸಸಿಗೆ ನೀರೆರೆಯುವ ಚಿತ್ರ ಅಚ್ಚಾಗುತ್ತಲೇ ಬಂದಿದೆ. ಅದೇ ಗುಂಡಿ, ಅದೇ ಪೂತುಗೈ, ಗಣ್ಯರು ಮಾತ್ರ ಬೇರೆ ಎಂದು ಊರಿನವರು ನಗುವುದುಂಟು. ಹಾರ ಹಾಕುವ ಕ್ಷಣ ತಪ್ಪಿಹೋದರೆ ಇನ್ನೊಮ್ಮೆ ಹಾಕಿರೆಂದು ಛಾಯಾಗ್ರಾಹಕನು ಕೇಳುತ್ತಾನೆ, ಅವರೂ ಹಾಕುತ್ತಾರೆ. ಇದು ಸುಳ್ಳೇ? ನನಗೆ ಹಾಗೆ ತೋರುವುದಿಲ್ಲ. ಹಾರ ಹಾಕಿದ್ದು ನಿಜ, ಎರಡು ಸಲ ಹಾಕಿದ್ದು ಇನ್ನೂ ನಿಜ!

ಆದರೆ ಬರಗಾಲದ ವರ್ಷ ಅದೇ ಛಾಯಾಗ್ರಾಹಕ ಹೊಲಕ್ಕೆ ಹೋಗಿ, ರೈತನನ್ನು ಕರೆದು, ಬಿರುಕು ಬಿಟ್ಟ ನೆಲದ ಮೇಲೆ ಕುಳ್ಳಿರಿಸಿ, ಹಣೆಗೆ ಕೈ ಹಚ್ಚಿ ಮುಗಿಲು ನೋಡೆಂದರೆ? ಬರ ನಿಜ, ರೈತನ ಸಂಕಟ ನಿಜ. ಕೈಯನ್ನು ಹಣೆಗೆ ಹಚ್ಚಿಸಿದ್ದು ಮಾತ್ರ ಇವನು. ಅಷ್ಟರಿಂದ ಏನು ಕೆಟ್ಟಿತು ಎಂಬ ವಾದವಿದೆ. ಆ ರೈತನು ಅಂದು ಮುಗಿಲು ನೋಡುತ್ತಿರಲಿಲ್ಲ. ಬಹುಶಃ ಬೆಳೆ ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬ್ಯಾಂಕಿನ ಬೆಂಚಿನ ಮೇಲೆ ಮೂರನೆಯ ಸಲ ಕೂತು ಬಂದಿದ್ದ. ಅವನ ಬರಗಾಲ ಆ ಬೆಂಚಿನ ಮೇಲಿತ್ತು. ಅದು ಚಿತ್ರಕ್ಕೆ ಚೆನ್ನಾಗಿ ಕಾಣುವುದಿಲ್ಲವೆಂದು ಅವನನ್ನು ಮುಗಿಲಿಗೆ ಕೈಯೊಡ್ಡಿದವನಂತೆ ನಿಲ್ಲಿಸಿದಾಗ, ದೈವದ ಕಡೆಗೆ ಬೆರಳು ತೋರಿಸಿ ಬ್ಯಾಂಕನ್ನೂ ಕಚೇರಿಯನ್ನೂ ಮರೆಮಾಡಿದಂತಾಯಿತು. ಹಾರದ ಸುಳ್ಳಿನಿಂದ ಯಾರಿಗೂ ಹಾನಿಯಿಲ್ಲ. ಈ ಸುಳ್ಳು ಒಬ್ಬನ ಮುಖವನ್ನು ಬಳಸಿಕೊಂಡು ಅವನು ಆಡದ ಮಾತನ್ನು ಆಡಿಸುತ್ತದೆ.

ನಮ್ಮ ಆಡುಮಾತಿನಲ್ಲಿ ಈ ಕ್ರಿಯೆಗೆ ಇರುವ ಪದಗಳನ್ನು ಒಮ್ಮೆ ಗಮನಿಸಿ. ಫೋಟೊ 'ತೆಗೆಯುತ್ತೇವೆ', ಫೋಟೊ 'ಹಿಡಿಯುತ್ತೇವೆ', ಫೋಟೊ 'ಹೊಡೆಯುತ್ತೇವೆ'. ಬರೆಯುವವನನ್ನು ಕುರಿತು ಇಂಥ ಪದಗಳನ್ನು ನಾವು ಬಳಸುವುದಿಲ್ಲ. ಎದುರಿನವನಿಂದ ಏನನ್ನೋ ಕಿತ್ತುಕೊಂಡಂತಾಗುತ್ತದೆಂಬ ಅರಿವು ಜನರ ನಾಲಗೆಗೆ ಮೊದಲೇ ಇತ್ತೋ ಏನೋ.

ಹಾಗಾದರೆ ದುಃಖದಲ್ಲಿರುವವರ ಚಿತ್ರವನ್ನು ತೆಗೆಯಲೇ ಕೂಡದು ಎಂಬ ನಿಯಮ ಮಾಡಿಬಿಡೋಣವೇ? ಕೇಳುವುದಕ್ಕೆ ಇದು ಸಾತ್ವಿಕವಾಗಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯನ್ನು ನೆನೆಯಿರಿ. ಮನೆ ಕಳೆದುಕೊಂಡವರು ಇಂಥ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದವನನ್ನು ಕಂಡರೆ ಓಡಿಸುವುದಿಲ್ಲ, ಕೈಹಿಡಿದು ಕರೆಯುತ್ತಾರೆ. ಬಿದ್ದ ಗೋಡೆಯನ್ನೂ ತೊಯ್ದ ಜೋಳದ ಚೀಲವನ್ನೂ ತೋರಿಸಿ, ಇದನ್ನೂ ತೆಗೆಯಿರಿ, ಸರ್ಕಾರ ನೋಡಲಿ ಎನ್ನುತ್ತಾರೆ. ಅಲ್ಲಿ ಕ್ಯಾಮೆರಾವನ್ನು ಚೀಲದೊಳಗಿಟ್ಟು ಸೌಜನ್ಯ ಮೆರೆಯುವವನು ಅವರಿಗೆ ದ್ರೋಹ ಬಗೆದಂತೆಯೇ. ಆದರೆ ಸಾಲದ ಬಾಧೆಯಿಂದ ನೇಣು ಹಾಕಿಕೊಂಡವನ ಮನೆಯಲ್ಲಿ ಕ್ಯಾಮೆರಾ ಕಂಡೊಡನೆ ಸೆರಗನ್ನು ಮುಖದ ಮೇಲೆಳೆದುಕೊಳ್ಳುವ ತಾಯಿಯೂ ಇದ್ದಾಳೆ. ಆಕೆಯ ಸಂಬಂಧಿಗಳಲ್ಲಿ ಒಬ್ಬನು ಪರಿಹಾರದ ಆಸೆಯಿಂದ, ಸೆರಗು ತೆಗೆಯಮ್ಮಾ ಎಂದು ಗದರುತ್ತಾನೆ. ಅವಳು ತೆಗೆಯುತ್ತಾಳೆ. ಇದನ್ನು ಒಪ್ಪಿಗೆಯೆಂದು ಕರೆಯಲಾದೀತೇ? ಬೇಡುವ ಸ್ಥಿತಿಯಲ್ಲಿರುವವರು ಬೇಡವೆನ್ನಲಾರರು. ಒಪ್ಪಿದರೋ ಇಲ್ಲವೋ ಎಂದು ಕೇಳಿದ ಮಾತ್ರಕ್ಕೆ ಛಾಯಾಗ್ರಾಹಕನ ಹೊಣೆ ಮುಗಿಯುವುದಿಲ್ಲ. ಒಪ್ಪದೆ ಇರಲು ಅವರಿಗೆ ಸಾಧ್ಯವಿತ್ತೇ ಎಂಬುದನ್ನೂ ಅವನೇ ಅಳೆದು ನೋಡಬೇಕು.

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹಬ್ಬಿದ ಮೇಲೆ ಅಲ್ಲಿಗೆ ಧಾವಿಸಿದವರಲ್ಲಿ ರಘು ರಾಯ್ ಮತ್ತು ಪಾಬ್ಲೊ ಬಾರ್ಥಲೋಮ್ಯು ಎಂಬ ಇಬ್ಬರು ಛಾಯಾಗ್ರಾಹಕರೂ ಇದ್ದರು. ಮಣ್ಣಿನಲ್ಲಿ ಅರ್ಧ ಹೂತ ಒಂದು ಪುಟ್ಟ ಮಗುವಿನ ಮುಖವನ್ನು ಇಬ್ಬರೂ ಚಿತ್ರಿಸಿದರು, ಒಬ್ಬರು ಕಪ್ಪು-ಬಿಳುಪಿನಲ್ಲಿ, ಇನ್ನೊಬ್ಬರು ಬಣ್ಣದಲ್ಲಿ. ಬಾರ್ಥಲೋಮ್ಯು ಅವರ ಚಿತ್ರಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಸಂದಿತು. ಮಗು ಯಾರದೆಂಬುದು ತಿಳಿಯಲೇ ಇಲ್ಲ. ಮಗುವಿನ ಶವಸಂಸ್ಕಾರದ ಹೊತ್ತಿನಲ್ಲಿ ಹತ್ತಿರ ಬಾಗಿ ಚಿತ್ರ ತೆಗೆಯುವುದು ನಿಷ್ಠುರ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸಹಸ್ರಾರು ಮಂದಿ ಸತ್ತ ಆ ದುರಂತವನ್ನು ಜಗತ್ತು ಅಂಕಿಗಳಲ್ಲಿ ಮರೆಯದಂತೆ ಮಾಡಿದ್ದು ಆ ಒಂದು ಮುಖ. ನಿಷ್ಠುರತೆಯೂ ಕರುಣೆಯೂ ಒಂದೇ ಕೈಯಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬಿಟ್ಟುಬಿಡುವುದೂ ಒಂದು ಉತ್ತರವೇ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯಿ ವ್ಯಾರಾವಾಲಾ ಅವರು 1970ರಲ್ಲಿ ಕ್ಯಾಮೆರಾವನ್ನು ಕೆಳಗಿಟ್ಟರು. ಹೊಸದಾಗಿ ಬಂದ ಛಾಯಾಗ್ರಾಹಕರ ನುಗ್ಗಾಟ, ಮರ್ಯಾದೆಗೇಡು ಅವರಿಗೆ ಹಿಡಿಸಲಿಲ್ಲ. 2012ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ವೃತ್ತಿಗೆ ಮರಳಲಿಲ್ಲ. ಮೂರು ದಶಕ ದುಡಿದು ಕೀರ್ತಿ ಪಡೆದವರಿಗೆ ಅದು ಸಾಧ್ಯವಾಯಿತು. ಸ್ಟುಡಿಯೊದ ಬಾಡಿಗೆ ಕಟ್ಟಬೇಕಾದವನಿಗೆ ಅಷ್ಟು ಸುಲಭವಲ್ಲ.

ಇಲ್ಲಿಯವರೆಗೆ ತೆಗೆದವನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾಯಿತು. ನೋಡಿದವರನ್ನು? 1993ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೆವಿನ್ ಕಾರ್ಟರ್ ಎಂಬಾತ ಸುಡಾನಿನ ಕ್ಷಾಮದಲ್ಲಿ ತೆಗೆದ ಚಿತ್ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆಲಕ್ಕೆ ಕುಸಿದ ಹಸಿದ ಮಗು, ಹಿಂದೆ ಕಾದು ಕುಳಿತ ರಣಹದ್ದು. ಮಗುವಿಗೆ ಏನಾಯಿತು, ಛಾಯಾಗ್ರಾಹಕ ಏನು ಮಾಡಿದ ಎಂದು ಓದುಗರ ಪ್ರಶ್ನೆಗಳು ಮಳೆಗರೆದುವು, ಪತ್ರಿಕೆ ಉತ್ತರಿಸಬೇಕಾಯಿತು. ಹದ್ದನ್ನು ಓಡಿಸಿದೆನೆಂದು ಕಾರ್ಟರ್ ಹೇಳಿದ್ದ. 1994ರಲ್ಲಿ ಆತನಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷದ ಜುಲೈನಲ್ಲಿ ತನ್ನ 33ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಸಾವಿಗೆ ಈ ಒಂದು ಚಿತ್ರವೇ ಕಾರಣವೆನ್ನುವುದು ಅವಸರದ ಮಾತು. ಬೇರೆ ಸಂಕಟಗಳೂ ಅವನಿಗಿದ್ದುವು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಮಗುವನ್ನು ಎತ್ತಿಕೊಳ್ಳಲಿಲ್ಲವೇಕೆಂದು ಅವನನ್ನು ಕೇಳಿದವರೆಲ್ಲ ಆ ಚಿತ್ರವಿಲ್ಲದಿದ್ದರೆ ಸುಡಾನಿನ ಹೆಸರನ್ನು ಆ ವಾರ ಉಚ್ಚರಿಸುತ್ತಿದ್ದರೇ?

ಕಾನೂನು ತನ್ನ ಮಟ್ಟಿಗೆ ಕೆಲವು ಗೆರೆಗಳನ್ನು ಎಳೆದಿದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲಾಗಕೂಡದೆಂದು 1983ರಲ್ಲಿ ದಂಡಸಂಹಿತೆಗೆ 228-ಎ ಕಲಮನ್ನು ಸೇರಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿ ಅದು ಮುಂದುವರಿದಿದೆ. ತಪ್ಪಿಗೆ ಸಿಲುಕಿದ ಮಕ್ಕಳ, ತಪ್ಪಿಗೆ ಬಲಿಯಾದ ಮಕ್ಕಳ ಚಿತ್ರವನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ತಡೆಯುತ್ತದೆ. ಒಳ್ಳೆಯದು. ಆದರೆ ಅಪಘಾತದ ಸ್ಥಳದಲ್ಲಿ ಗಂಡನ ಚಪ್ಪಲಿಯನ್ನು ಎದೆಗವಚಿಕೊಂಡು ಕುಳಿತ ಹೆಂಗಸಿನ ಮುಖಕ್ಕೆ ಯಾವ ಕಲಮಿದೆ? ಅಲ್ಲಿ ಉಳಿಯುವುದು ಕ್ಯಾಮೆರಾ ಹಿಡಿದವನ ಅಂತಃಕರಣ ಒಂದೇ. ಅಷ್ಟೇಕೆ, ಪತ್ರಿಕೆಯವನು ತಲಪುವ ಮೊದಲೇ ಅಲ್ಲಿ ಇಪ್ಪತ್ತು ಮೊಬೈಲುಗಳು ಮೇಲೆದ್ದಿರುತ್ತವೆ. ಒಬ್ಬನಿಗಿದ್ದ ಧರ್ಮಸಂಕಟ ಈಗ ಊರಿನದಾಗಿದೆ. ಸಂಕಟವೆಂಬ ಅರಿವು ಮಾತ್ರ ಊರಿಗಿಲ್ಲ. ತಾವೂ ತಮ್ಮ ಕಿಸೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ತಮ್ಮಂಥವರಿಗೆ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಬಡ ವಿದ್ಯಾರ್ಥಿಗಳಿಗೆ ಐದು ನೋಟುಬುಕ್ಕು ಕೊಟ್ಟರೂ ಕೊಡುವ ಕೈ, ಪಡೆಯುವ ಕೈ ಎರಡನ್ನೂ ಸೇರಿಸಿ ಚಿತ್ರ ತೆಗೆಸುವುದು ವಾಡಿಕೆಯಾಗಿದೆ. ಹುಡುಗನು ಕ್ಯಾಮೆರಾದ ಕಡೆಗೆ ತಿರುಗುವವರೆಗೆ ದಾನಿಗಳು ಪುಸ್ತಕವನ್ನು ಬಿಡುವುದಿಲ್ಲ. ಮರುದಿನ ತರಗತಿಯಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ ಹೋಗುವಾಗ ಆ ಹುಡುಗ ಎಲ್ಲಿ ನೋಡಬೇಕು? ತಾವು ಉಣ್ಣುವಾಗ ತಮ್ಮ ತಟ್ಟೆಯ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಅನ್ನದ ಋಣದ ಜೊತೆಗೆ ಈ ಮರ್ಯಾದೆಯ ಋಣವೂ ತಮ್ಮ ಮೇಲಿದೆ.

ಹಿಂದೆ ಪತ್ರಿಕೆಯ ಚಿತ್ರಕ್ಕೆ ಒಂದು ಪುಣ್ಯವಿತ್ತು: ಅದು ಬೇಗ ಸಾಯುತ್ತಿತ್ತು. ಮೂರನೆಯ ದಿನಕ್ಕೆ ಕಿರಾಣಿ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಲು ಹೋಗುತ್ತಿತ್ತು. ಕಳ್ಳತನದ ಆರೋಪದಲ್ಲಿ ಪೊಲೀಸರ ನಡುವೆ ತಲೆತಗ್ಗಿಸಿ ನಿಂತವನು ಮುಂದೆ ನಿರ್ದೋಷಿಯೆಂದು ಬಿಡುಗಡೆಯಾದರೆ ಊರು ಆ ಚಿತ್ರವನ್ನು ಮರೆತಿರುತ್ತಿತ್ತು. ಅಂತರ್ಜಾಲದಲ್ಲಿರುವ ಚಿತ್ರಕ್ಕೆ ಆ ಮರಣವಿಲ್ಲ. ಬಿಡುಗಡೆಯ ಸುದ್ದಿಗೆ ಚಿತ್ರವೂ ಇರುವುದಿಲ್ಲ, ಏಕೆಂದರೆ ಅಂದು ನ್ಯಾಯಾಲಯದ ಮೆಟ್ಟಿಲಿನ ಬಳಿಗೆ ಹೋಗಲು ಯಾರೂ ಛಾಯಾಗ್ರಾಹಕನಿಗೆ ಹೇಳಿರುವುದಿಲ್ಲ. ಹೇಳದಿದ್ದರೂ ಅವನು ಹೋಗಬೇಕು. ಮೊದಲ ಚಿತ್ರವನ್ನು ತೆಗೆದವನು ಅವನಲ್ಲವೇ?

ಹೀಗೆ ಹಿಂದಿರುಗಿಸುವ ದಾರಿಗಳು ಇಲ್ಲದಿಲ್ಲ. ಸಣ್ಣ ಊರಿನ ಹಳೆಯ ಸ್ಟುಡಿಯೊಗಳ ಕಪಾಟಿನಲ್ಲಿ ಸಮಾರಂಭ, ಧರಣಿ, ಜಾತ್ರೆಗಳ ನೆಗೆಟಿವ್‌ಗಳು ವರ್ಷವಾರು ಲಕೋಟೆಗಳಲ್ಲಿ ಬಿದ್ದಿರುತ್ತವೆ. ಒಂದೇ ಒಂದು ಫೋಟೊ ಇಲ್ಲದೆ ಮನೆಯ ಯಜಮಾನನನ್ನು ಮಣ್ಣು ಮಾಡಿ ಬಂದ ಬಡವರು, ಯಾವಾಗಲೋ ಯಾವುದೋ ಸಭೆಯಲ್ಲಿ ಅಪ್ಪ ನಿಂತಿದ್ದನಂತೆ ಎಂದು ಅಲ್ಲಿಗೆ ಬರುವುದುಂಟು. ಛಾಯಾಗ್ರಾಹಕನು ಲಕೋಟೆಗಳನ್ನು ಸುರುವಿ, ಒಂದೊಂದನ್ನೇ ಬೆಳಕಿಗೆ ಹಿಡಿದು ಹುಡುಕುತ್ತಾನೆ. ಸಚಿವರಿಗೆ ಹಾರ ಹಾಕುತ್ತಿರುವ ಚಿತ್ರದಲ್ಲಿ, ಮೂರನೆಯ ಸಾಲಿನಲ್ಲಿ, ಕಡಲೆಕಾಳಿನಷ್ಟು ದೊಡ್ಡದಾದ ಒಂದು ಮುಖ ಸಿಗುತ್ತದೆ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಿಕೊಡುತ್ತಾನೆ. ಕಾಳುಕಾಳಾಗಿ ಒಡೆದ ಆ ಮುಖ ಕಟ್ಟಿನ ನಡುವೆ ಬರುವಂತೆ ಕತ್ತರಿಸುವಾಗ ಸಚಿವರ ಭುಜ ಅಂಚಿನಿಂದಾಚೆ ಹೋಗುತ್ತದೆ.