ಹೆಂಚಿನ ಹಾವಸೆಯೂ ಗೃಹಸ್ಥಧರ್ಮವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವುದರ ಕಷ್ಟವನ್ನು ಹಿರಿಯರು ಹೀಗೆ ಒಂದು ಮಾತಿನಲ್ಲಿ ಅಡಗಿಸಿಟ್ಟರು. ಕಟ್ಟಿದುದನ್ನು ಕಾಪಾಡಿಕೊಳ್ಳುವುದರ ಕಷ್ಟಕ್ಕೆ ಮಾತ್ರ ಅಷ್ಟು ಹೆಸರಾದ ಗಾದೆ ಹುಟ್ಟಲಿಲ್ಲ. ಗೃಹಪ್ರವೇಶದ ದಿನ ನೂರಾರು ಎಲೆ ಹಾಕಿಸಿದ ಮನೆಯಲ್ಲಿ, ಹತ್ತು ವರ್ಷದ ಮೇಲೆ ಮಾಡನ್ನು ಸರಿಪಡಿಸಿದ ದಿನ ಒಂದು ಎಲೆಯೂ ಹೆಚ್ಚಾಗಿ ಬೀಳುವುದಿಲ್ಲ. ಸಂಸ್ಕೃತದಲ್ಲಿ ಯೋಗ, ಕ್ಷೇಮ ಎಂಬ ಎರಡು ಶಬ್ದಗಳು ಜೊತೆಯಾಗಿ ಬರುತ್ತವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಲೋಕವು ಯೋಗವನ್ನು ಕೊಂಡಾಡುತ್ತದೆ. ಕ್ಷೇಮವನ್ನು ಅದು ಕೆಟ್ಟಾಗ ಮಾತ್ರ ನೆನೆಯುತ್ತದೆ. ಆದರೆ ಧರ್ಮಾಧರ್ಮಗಳ ಸೂಕ್ಷ್ಮವಾದ ಪ್ರಶ್ನೆಗಳು ಕ್ಷೇಮದ ಕಾರ್ಯದಲ್ಲಿಯೇ ಹೆಚ್ಚಾಗಿ ಅಡಗಿರುತ್ತವೆ. ಮಲೆನಾಡು, ಕರಾವಳಿಗಳ ಮನೆಗಳ ಮಾಡಿನ ಮೇಲೆ ಬೆಳೆಯುವ ಹಾವಸೆಯೇ ಇದಕ್ಕೆ ಸಾಕಾದ ನಿದರ್ಶನ.

ಈ ಪ್ರಾಂತಗಳ ಮಳೆ ಸಾಮಾನ್ಯವಾದುದಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ೭,೦೦೦ ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಇಂತಹ ಮಳೆಯನ್ನು ಬಲ್ಲವರು ಇಳಿಜಾರಿಲ್ಲದ ಮಾಡನ್ನು ನಂಬಲಿಲ್ಲ. ೧೪೩೦ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ ಇಳಿಜಾರಾದ ಮಾಡೇ ಉಂಟು. ಸಾಮಾನ್ಯ ಜನರ ಮನೆಗಳಿಗೆ ಹುಲ್ಲು, ಅಡಕೆಯ ಸೋಗೆ, ಕುಂಬಾರನ ನಾಡಹೆಂಚು ಇವೇ ಹೊದಿಕೆಯಾಗಿದ್ದುವು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಒಂದರ ಅಂಚು ಮತ್ತೊಂದರಲ್ಲಿ ಕೂಡುವ ಕೆಂಪು ಹೆಂಚು ಕ್ರಮೇಣ ಘಟ್ಟದ ಮೇಲೂ ಕೆಳಗೂ ಹರಡಿತು. ಸೋಗೆಯ ಮಾಡನ್ನು ವರ್ಷವರ್ಷವೂ ಹೊಸದಾಗಿ ಹೊದಿಸಬೇಕಾಗಿದ್ದುದರಿಂದ, ವರ್ಷಕ್ಕೊಮ್ಮೆಯಾದರೂ ಮಾಡನ್ನು ಕಣ್ಣಿಟ್ಟು ನೋಡುವುದು ತಪ್ಪುತ್ತಿರಲಿಲ್ಲ. ಹೆಂಚು ಬಂದಿತು, ಮಾಡು ಶಾಶ್ವತವೆಂಬ ಭಾವನೆಯೂ ಅದರೊಡನೆ ಬಂದಿತು, ನೋಡುವ ಅಭ್ಯಾಸ ತಪ್ಪಿತು. ವಸ್ತುವು ಗಟ್ಟಿಯಾದಷ್ಟೂ ಒಡೆಯನ ಎಚ್ಚರವು ಸಡಿಲವಾಗುವುದು ಮನುಷ್ಯಸ್ವಭಾವ.

ಹೆಂಚು ಸುಟ್ಟ ಜೇಡಿಮಣ್ಣು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಂಟು. ಅವು ನೀರನ್ನು ಹೀರಿಕೊಂಡು ಬಹುಕಾಲ ತಂಪಾಗಿರುತ್ತವೆ. ಹಲಸು ಮಾವುಗಳ ನೆರಳು ಬಿದ್ದ ಕಡೆ, ಬಿಸಿಲು ಕಡಿಮೆಯಾದ ಇಳಿಜಾರಿನಲ್ಲಿ ಈ ತೇವವು ಆರುವುದೇ ಇಲ್ಲ. ಅಲ್ಲಿ ಬೆಳೆಯುವುದನ್ನೆಲ್ಲ ಜನರು ಪಾಚಿಯೆಂದೋ ಹಾವಸೆಯೆಂದೋ ಒಂದೇ ಹೆಸರಿನಿಂದ ಕರೆಯುತ್ತಾರೆ. ಪರಿಶೀಲಿಸಿದರೆ ಅವು ಎರಡು ಬಗೆ. ಹೆಂಚಿಗೆ ಬಳಿದಂತೆ ತೆಳ್ಳಗೆ ಕಪ್ಪಾಗಿಯೋ, ಹಸುರಾಗಿಯೋ, ಕೆಲವೆಡೆ ಕಾವಿಬಣ್ಣವಾಗಿಯೋ ಹಬ್ಬುವುದು ಪಾಚಿ. ಮೆತ್ತೆಯಂತೆ ದಪ್ಪವಾಗಿ, ಪುಟ್ಟಪುಟ್ಟ ಎಲೆಗಳಿಂದ ಕೂಡಿ ಬೆಳೆಯುವುದು ಹಾವಸೆ. ಹಾವಸೆಯ ಜಾತಿಗಳು ಲೋಕದಲ್ಲಿ ಸುಮಾರು ೧೨,೦೦೦ ಇವೆಯೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಇದಕ್ಕೆ ನಿಜವಾದ ಬೇರಿಲ್ಲ; ಹಿಡಿದುಕೊಳ್ಳಲು ಕೂದಲಿನಂತಹ ಎಳೆಗಳು ಮಾತ್ರ ಇವೆ. ಹೂವಿಲ್ಲ, ಬೀಜವಿಲ್ಲ, ಧೂಳಿಗಿಂತಲೂ ಸಣ್ಣ ಕಣಗಳು ಗಾಳಿಯಲ್ಲಿ ತೇಲಿಹೋಗಿ ತೇವ ಸಿಕ್ಕಿದಲ್ಲಿ ಮೊಳೆಯುತ್ತವೆ. ಬೇಸಗೆಯಲ್ಲಿ ಒಣಗಿ ಕಂದಾಗಿ ಸತ್ತಂತೆ ಕಾಣುವ ಹಾವಸೆಯು ಮೊದಲ ಮಳೆ ಬಿದ್ದೊಡನೆ ಮತ್ತೆ ಹಸುರಾಗುವುದನ್ನು ಹಳ್ಳಿಯವರೆಲ್ಲರೂ ಕಂಡಿದ್ದಾರೆ.

ಇನ್ನು ಇವುಗಳಿಂದಾಗುವ ಹಾನಿಯನ್ನು ವಿಚಾರಿಸಬೇಕು. ಪಾಚಿಯ ಕಪ್ಪುಲೇಪವು ಹೆಂಚಿನ ಬಣ್ಣವನ್ನು ಕೆಡಿಸುತ್ತದೆ. ಮನೆಯನ್ನು ಕೆಡಿಸುವುದು ಬಹಳ ಕಡಿಮೆ. ಹಾವಸೆಯ ಮಾತು ಬೇರೆ. ಅದು ಬೆಳೆದು ಹೆಂಚು ಹೆಂಚು ಕೂಡುವ ಸಂದನ್ನು ತುಂಬಿದರೆ, ಕೆಳಗೆ ಹರಿಯಬೇಕಾದ ನೀರು ಅಲ್ಲಿ ತಡೆಯಲ್ಪಟ್ಟು ಹಿಂದಕ್ಕೆ ಏರಿ ಒಳಗೆ ಇಳಿಯುತ್ತದೆ. ಮೊದಲು ರೀಪು ನೆನೆಯುತ್ತದೆ, ಆಮೇಲೆ ಪಕಾಸಿ. ನೆನೆದ ಮರವು ಕೊಳೆಯುತ್ತದೆ; ಗೆದ್ದಲು ಸೇರುತ್ತದೆ. ಶೀತದೇಶಗಳಲ್ಲಿ ಹೆಂಚಿನೊಳಗಿನ ನೀರು ಹೆಪ್ಪುಗಟ್ಟಿ ಹೆಂಚನ್ನೇ ಸೀಳುವುದುಂಟು. ಆ ಭಯ ಈ ನಾಡಿಗಿಲ್ಲ. ಇಲ್ಲಿ ಕೆಡುವುದು ಮಣ್ಣಲ್ಲ, ಮಣ್ಣನ್ನು ಹೊತ್ತ ಮರ. ಆದುದರಿಂದ ಹೊರಗಿನಿಂದ ನೋಡುವವನಿಗೆ ಹಸುರು ಸೊಗಸಾಗಿಯೇ ಕಾಣುತ್ತಿರುವಾಗ, ಅಟ್ಟದ ಕತ್ತಲೆಯಲ್ಲಿ ಮನೆಯು ಮೆಲ್ಲಮೆಲ್ಲನೆ ಬೀಳುತ್ತಿರುತ್ತದೆ.

ಇಲ್ಲಿ ಪ್ರಶ್ನೆಯೇಳುತ್ತದೆ. ಮನೆಯನ್ನು ಉಳಿಸುವುದಕ್ಕಾಗಿ ಹಾವಸೆಯನ್ನು ನಾಶಮಾಡುವ ಅಧಿಕಾರ ಗೃಹಸ್ಥನಿಗೆ ಉಂಟೆ? ಉಂಟಾದರೆ, ಅದಕ್ಕೆ ಮಿತಿಯೇನು?

ಒಂದು ಪಕ್ಷದವರು ಈ ಪ್ರಶ್ನೆಯನ್ನು ಕೇಳಿ ನಗುವರು. ಮನೆ ನನ್ನದು, ಹೆಂಚು ನನ್ನದು. ಅದರ ಮೇಲೆ ಕರೆಯದೆ ಬಂದು ಕುಳಿತ ಕಸಕ್ಕೆ ಹಕ್ಕೆಲ್ಲಿಂದ ಬಂದಿತು ಎಂದು ಅವರ ವಾದ. ಮತ್ತೊಂದು ಪಕ್ಷದವರು, ಅದೂ ಜೀವವೇ ಅಲ್ಲವೆ, ನಾಲ್ಕು ದಿನ ಇದ್ದು ಹೋಗುವ ನಮಗಿಂತ ಬಹಳ ಹಿಂದೆಯೇ ಈ ಭೂಮಿಯಲ್ಲಿ ನೆಲೆಸಿದ ಕುಲವಲ್ಲವೆ, ಇರಲಿ ಬಿಡಿ ಎನ್ನುವರು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹಾವಸೆಯ ವರ್ಗದ ಸಸ್ಯಗಳು ನೆಲಕ್ಕೆ ಬಂದು ೪೦ ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಒಂದು ಹಿಡಿ ಹಾವಸೆಯೊಳಗೆ ಬರಿಗಣ್ಣಿಗೆ ಕಾಣದ ಎಂಟು ಕಾಲಿನ ಪ್ರಾಣಿಗಳೂ, ಸಣ್ಣ ಹುಳುಗಳೂ ಸಂಸಾರ ಹೂಡಿರುತ್ತವೆ. ಆದರೆ ಈ ಎರಡನೆಯ ಪಕ್ಷದವರ ದಯೆಯಲ್ಲಿ ಸೋಮಾರಿತನವೂ ಬೆರೆತಿರುವ ಸಂಭವವುಂಟು. ಏಣಿ ಹತ್ತಲು ಮನಸ್ಸಿಲ್ಲದವನು ಅಹಿಂಸೆಯ ಹೆಸರು ಹೇಳುವುದು ಸುಲಭ. ಹೆಂಚಿನ ಹಾವಸೆಗೆ ತೋರುವ ದಯೆಯಿಂದ ಕೆಳಗೆ ಮಲಗಿದ ಮಗುವಿನ ಹಾಸಿಗೆ ನೆನೆಯುವುದಾದರೆ ಅದು ದಯೆಯ ಪೂರ್ಣರೂಪವಲ್ಲ.

ಈ ಎರಡು ಪಕ್ಷಗಳಲ್ಲದ ಮೂರನೆಯ ದಾರಿಯೊಂದನ್ನು ಪ್ರಾಚೀನರು ಕಂಡುಕೊಂಡಿದ್ದರು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನ ಮನೆಯೊಳಗೇ ಐದು ವಧಸ್ಥಾನಗಳಿವೆಯೆಂದು ಹೇಳಿದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ದಿನದಿನವೂ ಇವುಗಳಿಂದ ಎಷ್ಟೋ ಜೀವಗಳು ಅಳಿಯುತ್ತವೆ. ಹಾಗೆಂದು ಒಲೆಯನ್ನು ಆರಿಸೆಂದು ಸ್ಮೃತಿಕಾರನು ಹೇಳಲಿಲ್ಲ. ಅದು ಹಿಂಸೆಯೇ ಅಲ್ಲವೆಂದು ಸಮಾಧಾನವನ್ನೂ ಹೇಳಲಿಲ್ಲ. ಅದಕ್ಕೆ ಪ್ರತಿಯಾಗಿ ನಿತ್ಯವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದನು. ಅವುಗಳಲ್ಲಿ ಒಂದು ಭೂತಯಜ್ಞ, ಎಂದರೆ ಇತರ ಪ್ರಾಣಿಗಳಿಗೆ ಅನ್ನವಿಡುವುದು. ಜೈನಶಾಸ್ತ್ರವೂ ಇದೇ ಸೂಕ್ಷ್ಮವನ್ನು ಬೇರೊಂದು ಬಗೆಯಲ್ಲಿ ವಿವರಿಸುತ್ತದೆ. ಸಸ್ಯಗಳನ್ನು ಅದು ಏಕೇಂದ್ರಿಯ ಜೀವಗಳೆಂದು ಎಣಿಸುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದಲೇ ಮುನಿಗಳು ಚಾತುರ್ಮಾಸ್ಯದಲ್ಲಿ ಸಂಚಾರವನ್ನು ಬಿಟ್ಟು ಒಂದೆಡೆ ನಿಲ್ಲುತ್ತಾರೆ. ಆದರೆ ಗೃಹಸ್ಥನಾದ ಶ್ರಾವಕನಿಗೆ ಸಂಕಲ್ಪಪೂರ್ವಕವಾದ ಹಿಂಸೆ ಬೇರೆ, ಮನೆಗೆಲಸದಲ್ಲಿ ಒದಗುವ ಹಿಂಸೆ ಬೇರೆ ಎಂದು ವಿಭಾಗ ಮಾಡಿದೆ. ಮೊದಲನೆಯದನ್ನು ಅವನು ಪೂರ್ಣವಾಗಿ ಬಿಡಬೇಕು. ಎರಡನೆಯದನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಬೇಕು.

ಈ ಎರಡು ಶಾಸ್ತ್ರಗಳ ತಾತ್ಪರ್ಯವನ್ನು ಕೂಡಿಸಿ ನೋಡಿದರೆ ಗೃಹಸ್ಥನಿಗೆ ದೊರೆಯುವ ವಿಧಿ ಇಷ್ಟು: ಉಳಿಸುವುದಕ್ಕಾಗಿ ಅಳಿಸಬೇಕಾದಾಗ, ಅಳಿಸುತ್ತಿರುವೆನೆಂಬ ಅರಿವು ಇರಬೇಕು, ಅಗತ್ಯಕ್ಕಿಂತ ಎಳ್ಳಷ್ಟೂ ಹೆಚ್ಚು ಅಳಿಸಕೂಡದು, ಅದರ ಹೊರೆಯನ್ನು ಮತ್ತೊಬ್ಬರ ತಲೆಯ ಮೇಲೆ ಹಾಕಕೂಡದು.

ಅಗತ್ಯವೆಂಬುದನ್ನು ಮೊದಲು ನೋಡಬೇಕು. ಕಣ್ಣಿಗೆ ಆಗದಿರುವುದು ಬೇರೆ, ಮನೆಗೆ ಆಗದಿರುವುದು ಬೇರೆ. ನೆರೆಮನೆಯ ಹೆಂಚು ಕೆಂಪಾಗಿದೆ, ತನ್ನದು ಕಪ್ಪಾಗಿದೆ, ನಾಳೆ ಮದುವೆಯ ದಿಬ್ಬಣ ಬಂದಾಗ ಬೀಗರು ಏನೆಂದಾರು ಎಂಬ ಚಿಂತೆಯಿಂದ ಪಾಚಿಯ ಮೇಲೆ ಯುದ್ಧ ಹೂಡುವುದು ಅಗತ್ಯವೆನಿಸದು. ಕೆಲವರು ಯಂತ್ರದಿಂದ ನೀರನ್ನು ಬಾಣದಂತೆ ಚಿಮ್ಮಿಸಿ ಹೆಂಚನ್ನು ತೊಳೆಸುತ್ತಾರೆ. ಒಂದು ಗಳಿಗೆ ಹೆಂಚು ಹೊಸದರಂತೆ ತೋರುವುದು ನಿಜ. ಆದರೆ ಆ ರಭಸಕ್ಕೆ ಹೆಂಚಿನ ನುಣುಪಾದ ಮೇಲ್ಮೈ ಸವೆದು ಒರಟಾಗುತ್ತದೆ. ಒರಟಾದ ಮೈಗೆ ಹಾವಸೆಯು ಮೊದಲಿಗಿಂತ ಬೇಗನೆ ಹತ್ತುತ್ತದೆ. ತೋರಿಕೆಗಾಗಿ ಮಾಡಿದ ಕೆಲಸವು ವಸ್ತುವಿಗೇ ಶತ್ರುವಾಯಿತು.

ಎರಡನೆಯದು ವಿಷದ ಮಾತು. ಅಡಕೆ ಬೆಳೆಯುವ ಸೀಮೆಯಲ್ಲಿ ಮೈಲುತುತ್ತವಿಲ್ಲದ ಮನೆಯಿಲ್ಲ. ೧೮೮೫ರ ಸುಮಾರಿಗೆ ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬ ವಿದ್ವಾಂಸನು ದ್ರಾಕ್ಷಿಯ ರೋಗಕ್ಕಾಗಿ ಬಳಕೆಗೆ ತಂದ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣ. ಮೈಸೂರು ಸರಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಕೆಯ ಕೊಳೆರೋಗವನ್ನು ಅಭ್ಯಾಸಮಾಡಿದ ಮೇಲೆ ಈ ದ್ರಾವಣವು ಮಲೆನಾಡಿನ ತೋಟಗಳಿಗೆ ಉಪಕಾರಿಯಾಯಿತು. ತೋಟಕ್ಕೆ ಒಳ್ಳೆಯದಾದುದು ಮಾಡಿಗೂ ಒಳ್ಳೆಯದೇ ಎಂದು ಮೈಲುತುತ್ತವನ್ನೋ ಬ್ಲೀಚಿಂಗ್ ಪುಡಿಯನ್ನೋ ಕದಡಿ ಹೆಂಚಿನ ಮೇಲೆ ಸುರಿಯುವವರುಂಟು. ಹಾವಸೆಯು ಸಾಯುತ್ತದೆ, ಸಂಶಯವಿಲ್ಲ. ಆದರೆ ಮಾಡಿನ ನೀರು ಮಾಡಿನಲ್ಲಿ ನಿಲ್ಲುವುದಿಲ್ಲ. ಸೂರಿನಿಂದ ಅಂಗಳಕ್ಕೆ, ಅಂಗಳದಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ ಇಳಿಯುತ್ತದೆ. ತಾಮ್ರದ ಅಂಶವು ಮೀನಿಗೂ ನೀರಿನ ಸಣ್ಣ ಜೀವಗಳಿಗೂ ವಿಷ. ಈಚೆಗೆ ಮಾಡಿನ ನೀರನ್ನೇ ಹಿಡಿದು ಬಾವಿಗೆ ಬಿಡುವ ಕ್ರಮವೂ ಹಲವೆಡೆ ಬಂದಿದೆ. ಅಂತಹ ಮನೆಯಲ್ಲಿ ಹೆಂಚಿಗೆ ಹಾಕಿದ ವಿಷವು ಕೊಡಕ್ಕೇ ಬಂದೀತು. ತನ್ನ ಸೂರಿನ ಹೊರಗೆ ತಾನು ಕಾಣದ ಹಾನಿಗೆ ತಾನು ಹೊಣೆಯಲ್ಲವೆಂದು ಭಾವಿಸುವವನು ಧರ್ಮವನ್ನು ತನ್ನ ಕಣ್ಣಳತೆಗೆ ಕುಗ್ಗಿಸಿದಂತಾಯಿತು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು; ಅದನ್ನು ಜನರು ಎಲ್ಲಕ್ಕಿಂತ ಕಡಿಮೆ ಯೋಚಿಸುತ್ತಾರೆ. ಮಾಡಿನ ಮೇಲೆ ಹತ್ತುವವನು ಯಾರು? ಬಹುಮಟ್ಟಿಗೆ ಮನೆಯೊಡೆಯನಲ್ಲ, ದಿನಗೂಲಿಯ ಬಡವನು. ನೆನೆದ ಹಾವಸೆಯಷ್ಟು ಜಾರುವ ವಸ್ತು ಬೇರೊಂದಿಲ್ಲ. ಕೊಳೆತ ರೀಪಿನ ಮೇಲೆ ಕಾಲಿಟ್ಟರೆ ಹೆಂಚಿನೊಡನೆ ಆಳೂ ಕೆಳಗೆ ಬೀಳುತ್ತಾನೆ. ಆರಿದ್ರೆಯ ಮಳೆ ಹಿಡಿದ ಮೇಲೆ ಮನೆ ಸೋರತೊಡಗಿದಾಗಲೇ ಒಡೆಯನಿಗೆ ಎಚ್ಚರವಾಗುವುದು; ಆಗ ಗಾಬರಿಯಿಂದ ಆಳನ್ನು ಕರೆಯಿಸಿ, ನಾಲ್ಕು ಕಾಸು ಹೆಚ್ಚು ಕೊಡುವೆನೆಂದು ಆ ಮಳೆಯಲ್ಲಿಯೇ ಮಾಡು ಹತ್ತಿಸುವುದು. ಹೆಚ್ಚಿನ ಕೂಲಿಯಿಂದ ಮುರಿದ ಬೆನ್ನು ಕೂಡುವುದಿಲ್ಲ. ಹಾವಸೆಯ ಜೀವ ದೊಡ್ಡದೋ ಸಣ್ಣದೋ ಎಂಬ ವಾದದಲ್ಲಿ ಪಂಡಿತರು ಮುಳುಗಿರುವಾಗ, ನಿಸ್ಸಂದೇಹವಾಗಿ ದೊಡ್ಡದಾದ ಜೀವವೊಂದು ಮಾಡಿನ ಅಂಚಿನಲ್ಲಿ ನಿಂತಿರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ವಿಚಾರಿಸಿ ನೋಡಿದರೆ ಈ ಮೂರು ಹಾನಿಗಳಿಗೂ ಮೂಲ ಒಂದೇ: ಕಾಲವನ್ನು ಮೀರುವುದು. ಫಾಲ್ಗುಣ ಚೈತ್ರಗಳಲ್ಲಿ ಹಾವಸೆಯು ಒಣಗಿ ಹೆಂಚಿನಿಂದ ಸಡಿಲವಾಗಿರುತ್ತದೆ. ತೆಂಗಿನ ನಾರಿನಿಂದಲೋ ಮರದ ಚೂರಿನಿಂದಲೋ ತಳ್ಳಿದರೆ ಬಿಟ್ಟುಬರುತ್ತದೆ. ವಿಷವೂ ಬೇಡ, ಯಂತ್ರವೂ ಬೇಡ. ಮಂಗಳೂರು ಹೆಂಚಿನ ದೊಡ್ಡ ಗುಣವೆಂದರೆ ಅದನ್ನು ಒಂದೊಂದಾಗಿ ತೆಗೆದು ಕೆಳಗಿಳಿಸಬಹುದು. ಕೆಟ್ಟ ಭಾಗದ ಹೆಂಚನ್ನು ಇಳಿಸಿ, ಅಂಗಳದಲ್ಲಿ ಕುಳಿತು ಉಜ್ಜಿ, ರೀಪನ್ನು ನೋಡಿ, ಮತ್ತೆ ಹೊದಿಸಬಹುದು. ಏಣಿ ಗಟ್ಟಿಯಾಗಿರಬೇಕು, ಹಗ್ಗ ಕಟ್ಟಿರಬೇಕು, ಕೆಳಗೆ ಒಡೆಯನು ತಾನೇ ನಿಂತಿರಬೇಕು. ಮಾಡಿನ ಮೇಲೆ ಚಾಚಿದ ಕೊಂಬೆಯನ್ನು ಸವರಿ ಬಿಸಿಲಿಗೆ ದಾರಿ ಮಾಡಿದರೆ, ಇಳಿಜಾರುಗಳು ಕೂಡುವ ಮೂಲೆಯಲ್ಲಿ ತುಂಬಿದ ತರಗೆಲೆಯನ್ನು ಗುಡಿಸಿದರೆ, ಹಾವಸೆ ಬೆಳೆಯುವುದೇ ಕಡಿಮೆಯಾಗುತ್ತದೆ. ಬೆಳೆಯದುದನ್ನು ಕೊಲ್ಲಬೇಕಾಗುವುದೂ ಇಲ್ಲ. ತೆಗೆದ ಹಾವಸೆಯನ್ನು ನೆರಳಿನ ಪಾಗಾರದ ಮೇಲೋ ಮರದ ಬುಡದಲ್ಲೋ ಹಾಕಿದರೆ ಅದರಲ್ಲಿ ಎಷ್ಟೋ ಭಾಗ ಅಲ್ಲಿಯೇ ಹಸುರಾಗಿ ಬಾಳುತ್ತದೆ. ಇದೂ ಒಂದು ಬಗೆಯ ಭೂತಯಜ್ಞವೇ ಸರಿ.

ಇದಕ್ಕೊಂದು ಆಕ್ಷೇಪವುಂಟು. ಮಕ್ಕಳೆಲ್ಲ ಬೆಂಗಳೂರಿಗೋ ಪರದೇಶಕ್ಕೋ ಹೋಗಿ, ಮುದಿ ತಂದೆತಾಯಿಗಳಿಬ್ಬರೇ ಉಳಿದ ಮನೆಯಲ್ಲಿ ಇದನ್ನೆಲ್ಲ ನೋಡುವವರು ಯಾರು? ಅಣ್ಣತಮ್ಮಂದಿರ ಪಾಲಾಗದ ಮನೆಯಲ್ಲಿ ನಾನೇಕೆ ಖರ್ಚು ಮಾಡಲಿ ಎಂದು ಒಬ್ಬೊಬ್ಬನೂ ಸುಮ್ಮನಿರುವಾಗ ಮಾಡು ಯಾರದು? ಆಕ್ಷೇಪವು ನಿಜ, ಅಂತಹ ಮನೆಗಳು ಇಂದು ಊರೂರಿಗೂ ಇವೆ. ಆದರೆ ಇದು ಧರ್ಮವು ಇಲ್ಲವೆಂಬುದಕ್ಕೆ ಪ್ರಮಾಣವಾಗದು; ಧರ್ಮವು ಯಾರ ಮೇಲಿದೆಯೆಂಬುದನ್ನು ತೋರಿಸುತ್ತದೆ. ಮನೆಯಲ್ಲಿ ಪಾಲು ಬೇಕೆನ್ನುವವನಿಗೆ ಮಾಡಿನಲ್ಲಿಯೂ ಪಾಲುಂಟು. ಹಬ್ಬಕ್ಕೆ ಬಂದು ಹೋಗುವ ಮಗನು ಜಗಲಿಯಲ್ಲಿ ಕುಳಿತು ಕ್ಷೇಮವೇ ಎಂದು ಕೇಳುವ ಮುನ್ನ, ಅಂಗಳದಲ್ಲಿ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡಿದರೆ, ಆ ಪ್ರಶ್ನೆಗೆ ತಂದೆತಾಯಿಗಳು ಹೇಳದ ಉತ್ತರವು ಹೆಂಚಿನ ಮೇಲೆ ಕಾಣಿಸೀತು.

ಹಾವಸೆಯು ತಪ್ಪು ಮಾಡಿಲ್ಲ. ತೇವವಿದ್ದಲ್ಲಿ ಬೆಳೆಯುವುದು ಅದರ ಸ್ವಭಾವ, ಸ್ವಭಾವಕ್ಕೆ ದಂಡನೆಯಿಲ್ಲ. ಅದನ್ನು ಬೆಳೆಯಗೊಟ್ಟು, ಬೆಳೆದ ಮೇಲೆ ಸಿಟ್ಟಿನಿಂದ ವಿಷವೆರೆದು, ಬಡವನನ್ನು ಜಾರುವ ಮಾಡಿಗೆ ಹತ್ತಿಸುವುದು ಮನುಷ್ಯನ ಆಲಸ್ಯ. ವರ್ಷಕ್ಕೊಂದು ದಿನ, ಮಳೆಗೆ ಎರಡು ತಿಂಗಳು ಮೊದಲು, ಸಣ್ಣದೊಂದು ಕೆಲಸವನ್ನು ಮಾಡಿಕೊಳ್ಳುವ ಗೃಹಸ್ಥನು ಇಷ್ಟು ಪಾಪಗಳಿಂದ ಪಾರಾಗುತ್ತಾನೆ. ಇದಕ್ಕೆ ಮುಹೂರ್ತ ನೋಡಬೇಕಾಗಿಲ್ಲ, ಬಿಸಿಲಿದ್ದರೆ ಸಾಕು.