ಮತ ಗುಟ್ಟು, ಸಹಿ ಬಹಿರಂಗ



"ಅವರು ಸರ್ಕಾರಿ ನೌಕರರು, ಅವರಿಗೆ ಸ್ವಂತ ರಾಜಕೀಯ ಅಭಿಪ್ರಾಯ ಇರಬಾರದು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿ ಶಿಕ್ಷಕಿಯರಿದ್ದಾರೆ, ನರ್ಸುಗಳಿದ್ದಾರೆ, ಗುಮಾಸ್ತರಿದ್ದಾರೆ, ಪೊಲೀಸರಿದ್ದಾರೆ. ಚುನಾವಣೆ ಬಂತೆಂದರೆ ಇವರೆಲ್ಲ ಬಾಯಿ ಮುಚ್ಚಿಕೊಳ್ಳಬೇಕು. ಹಾಗಾದರೆ ಸಂಬಳ ಕೊಡುವ ಸರ್ಕಾರಕ್ಕೆ ಆತ್ಮಸಾಕ್ಷಿಯನ್ನೂ ಒಪ್ಪಿಸಿಬಿಡಬೇಕೇ? ಆನಗೋಡಿನ ಕಡೆ ಬಹುಕಾಲದಿಂದ ಸರ್ಕಾರಿ ಕೆಲಸ ಮಾಡುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ರಾಷ್ಟ್ರಪತಿ ಚುನಾವಣೆಯನ್ನು ಮುಂದಿಟ್ಟುಕೊಂಡು ಇದನ್ನು ನಿಮ್ಮೊಡನೆ ಆಲೋಚಿಸಬಯಸುತ್ತೇನೆ.

2022ರ ಜುಲೈ 25ರಂದು ಆರಂಭವಾದ ರಾಷ್ಟ್ರಪತಿಯವರ ಐದು ವರ್ಷದ ಅವಧಿ 2027ರ ಜುಲೈಯಲ್ಲಿ ಮುಗಿಯುತ್ತದೆ. ಅದಕ್ಕೂ ಮೊದಲೇ ಚುನಾವಣೆ ಮುಗಿಯಬೇಕೆಂಬುದು ಸಂವಿಧಾನದ ವಿಧಿ. ಈ ಚುನಾವಣೆಯಲ್ಲಿ ನಿಮಗೂ ನನಗೂ ಮತವಿಲ್ಲ. ಸಂಸತ್ ಸದಸ್ಯರು ಮತ್ತು ಶಾಸಕರು ಗುಪ್ತವಾಗಿ ಮತ ಹಾಕುತ್ತಾರೆ. 2022ರಲ್ಲಿ ಕರ್ನಾಟಕದ 224 ಶಾಸಕರಲ್ಲಿ ಒಬ್ಬೊಬ್ಬರ ಮತದ ಮೌಲ್ಯ 131 ಆಗಿತ್ತು.

"ಮತವೇ ಇಲ್ಲದ ಮೇಲೆ ನಮಗೇಕೆ ಅದರ ಗೊಡವೆ?" ಎನ್ನಬೇಡಿ. ರಾಜ್ಯ ಸರ್ಕಾರದ ಯಾವುದೇ ಆದೇಶವನ್ನು ತೆಗೆದು ನೋಡಿ. ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂದಿರುತ್ತದೆ. ಆ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ. ಕೇಂದ್ರದ ಆದೇಶಗಳಂತೂ ರಾಷ್ಟ್ರಪತಿಯವರ ಹೆಸರಿನಲ್ಲೇ ಹೊರಡುತ್ತವೆ. ಹೋಬಳಿಯ ಗುಮಾಸ್ತನಿಂದ ದೆಹಲಿಯ ಕಾರ್ಯದರ್ಶಿಯವರೆಗೆ ನಾವೆಲ್ಲ ನಡೆಯುವುದು ಇಂಥ ಆದೇಶಗಳ ಮೇಲೆ. ಆದುದರಿಂದ ಆ ಸ್ಥಾನದಲ್ಲಿ ಎಂಥವರು ಇರಬೇಕು ಎಂಬ ವಿಚಾರ ನೌಕರನ ಮನಸ್ಸಿನಲ್ಲಿ ಏಳುವುದು ಸಹಜ, ಅದು ತಪ್ಪೂ ಅಲ್ಲ.

ಆದರೆ ಅದನ್ನು ಎಷ್ಟರಮಟ್ಟಿಗೆ ಹೊರಗೆ ಹೇಳಬಹುದು? ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು, 2021 ಈ ಬಗ್ಗೆ ಸ್ಪಷ್ಟವಾಗಿವೆ. ನೌಕರ ಮತ ಹಾಕಬಹುದು, ಆದರೆ ಯಾರಿಗೆ ಹಾಕಿದೆ, ಯಾರಿಗೆ ಹಾಕುತ್ತೇನೆ ಎಂಬ ಸುಳಿವನ್ನು ಕೊಡಬಾರದು. ಇದು ಬಾಯಿಗೆ ಬೀಗ ಹಾಕುವ ನಿಯಮವೆಂದು ಕೆಲವರು ಸಿಟ್ಟಾಗುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಬೆಳೆ ಪರಿಹಾರದ ಅರ್ಜಿ ಹಿಡಿದು ಬಂದ ಮೆಕ್ಕೆಜೋಳದ ರೈತನನ್ನು ನೆನೆಸಿಕೊಳ್ಳಿ. ಮೇಜಿನ ಆಚೆ ಕುಳಿತವನು ಯಾವ ಪಕ್ಷದವನೆಂದು ಗೊತ್ತಾದರೆ ಅವನ ಎದೆಯಲ್ಲಿ ಅಳುಕು ಹುಟ್ಟುತ್ತದೆ. ವಿಧವಾ ವೇತನಕ್ಕೆ ಬಂದ ತಾಯಿಯೂ ನೌಕರನ ಮುಖ ನೋಡಿ ಮಾತು ಬದಲಿಸುವಂತಾಗಬಾರದು. ನಮ್ಮ ಮೌನ ಇರುವುದು ಎದುರಿಗೆ ನಿಂತ ಅವರ ನೆಮ್ಮದಿಗಾಗಿ. ಹಾಗೆ ನೋಡಿದರೆ ಈ ಮೌನವೂ ಒಂದು ಬಗೆಯ ಪರಸೇವೆ.

ದೇಶದ ಅತಿ ದೊಡ್ಡ ಹುದ್ದೆಯಲ್ಲಿದ್ದವರಿಗೂ ಈ ಪ್ರಶ್ನೆ ಎದುರಾಗಿದೆ. 1998ರ ಲೋಕಸಭಾ ಚುನಾವಣೆಯಲ್ಲಿ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು ಸಾಲಿನಲ್ಲಿ ನಿಂತು ಮತ ಹಾಕಿದರು. ಅಧಿಕಾರದಲ್ಲಿರುವ ರಾಷ್ಟ್ರಪತಿಯೊಬ್ಬರು ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ್ದು ಅದೇ ಮೊದಲು. 2014ರಲ್ಲಿ ಪ್ರಣಬ್ ಮುಖರ್ಜಿ ಅವರು ತಟಸ್ಥರಾಗಿರಬೇಕೆಂದು ಮತ ಹಾಕಲೇ ಇಲ್ಲ. ಇಬ್ಬರೂ ತಮ್ಮ ಮನಸ್ಸಿಗೆ ಸರಿಕಂಡಂತೆ ನಡೆದರು. ಒಲವು ಯಾರ ಕಡೆಗೆಂದು ಮಾತ್ರ ಇಬ್ಬರೂ ಹೇಳಲಿಲ್ಲ.

ಇಲ್ಲಿಗೆ ಮುಗಿದರೆ ಮೌನವೇ ದೊಡ್ಡ ಗುಣವೆಂದಾಗುತ್ತದೆ. ಹಾಗಲ್ಲ. ಮತ ಗುಟ್ಟಿನದು, ಸಹಿ ಬಹಿರಂಗದ್ದು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಹಿ ಹಾಕಿದರು. ಮಂತ್ರಿಮಂಡಲ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸು ಬಂದಾಗ ನಾರಾಯಣನ್ ಅವರು ಅದನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. ಇಬ್ಬರ ಮುಂದೆಯೂ ಇದ್ದದ್ದು ಒಂದು ಕಾಗದ, ಒಂದು ಲೇಖನಿ. ಆತ್ಮಸಾಕ್ಷಿ ಎಚ್ಚರವಾಗಿರಬೇಕಾದದ್ದು ಅಲ್ಲಿ. ನಮ್ಮ ಸಣ್ಣ ಕಚೇರಿಗಳಲ್ಲೂ ಅದು ಎಚ್ಚರವಾಗಿರಬೇಕಾದದ್ದು ಕಡತದ ಮುಂದೆಯೇ.

ಆದರೆ ಆತ್ಮಸಾಕ್ಷಿ ಎಂಬ ಮಾತನ್ನೂ ಪರೀಕ್ಷಿಸಿ ನೋಡಬೇಕು. 1969ರ ರಾಷ್ಟ್ರಪತಿ ಚುನಾವಣೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು, ದಾವಣಗೆರೆ 1997ರವರೆಗೂ ಅದೇ ಜಿಲ್ಲೆಯಲ್ಲಿತ್ತು. ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ವಿ. ವಿ. ಗಿರಿಯವರು ಗೆದ್ದರು. ಆ ವರ್ಷ ಮುಗಿಯುವುದರೊಳಗೆ ಪಕ್ಷ ಒಡೆಯಿತು. ಅಂದು ಎಷ್ಟು ಮಂದಿ ನಿಜವಾಗಿ ಆತ್ಮಸಾಕ್ಷಿಯ ದನಿ ಕೇಳಿದರು, ಎಷ್ಟು ಮಂದಿ ಗೆಲ್ಲುವ ಕಡೆಗೆ ವಾಲಿದರು ಎಂಬುದನ್ನು ದೇವರೊಬ್ಬನೇ ಬಲ್ಲ. ನಮಗೆ ಲಾಭವಾಗುವುದನ್ನೇ ಆತ್ಮಸಾಕ್ಷಿ ಹೇಳುತ್ತಿದ್ದರೆ ಸ್ವಲ್ಪ ಅನುಮಾನಪಡುವುದು ಒಳ್ಳೆಯದು.

ನಷ್ಟವಾದರೂ ಅದರ ಮಾತು ಕೇಳಿದವರೊಬ್ಬರನ್ನು ಶ್ರೀಸಭೆ ನಮ್ಮ ಮುಂದಿಟ್ಟಿದೆ. ಇಂಗ್ಲೆಂಡಿನ ಸಂತ ಥಾಮಸ್ ಮೋರ್ ಅರಸನ ಉನ್ನತ ಅಧಿಕಾರಿಯಾಗಿದ್ದರು. 1532ರಲ್ಲಿ ಹುದ್ದೆ ಬಿಟ್ಟರು. ಅರಸನ ವಿರುದ್ಧ ಬೀದಿಯಲ್ಲಿ ಕೂಗಲಿಲ್ಲ, ಬಹುಕಾಲ ಮೌನವಾಗಿದ್ದರು. ಆದರೆ ಒಪ್ಪಲಾಗದ ಪ್ರಮಾಣವಚನವನ್ನು ಸ್ವೀಕರಿಸಲಿಲ್ಲ. 1535ರಲ್ಲಿ ಪ್ರಾಣವನ್ನೇ ತೆತ್ತರು. ಎರಡನೆಯ ಜಾನ್ ಪಾಲರು 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು.

ನಮಗೆ ಅಷ್ಟು ದೊಡ್ಡ ಪರೀಕ್ಷೆ ಬರಲಿಕ್ಕಿಲ್ಲ. ಬರುವುದು ಚಿಕ್ಕವು: ಅನರ್ಹರ ಹೆಸರನ್ನು ಪಟ್ಟಿಗೆ ಸೇರಿಸು ಎಂಬ ಫೋನು, ಬಡವನ ಅರ್ಜಿಯನ್ನು ತಳಕ್ಕೆ ಸರಿಸು ಎಂಬ ಸನ್ನೆ. ಅಂಥ ವೇಳೆ "ನಾನು ತಟಸ್ಥ" ಎಂದು ಸಹಿ ಹಾಕಿಬಿಡುವುದು ತಟಸ್ಥತೆಯಲ್ಲ, ಶರಣಾಗತಿ. ನಿಯಮವನ್ನು ಕಡತದಲ್ಲಿ ಬರೆದು, ಲಿಖಿತ ಆದೇಶ ಕೇಳಿ. ವರ್ಗವಾದರೂ ಆಗಲಿ.

ಮುಂದಿನ ರಾಷ್ಟ್ರಪತಿ ಯಾರಾಗಬೇಕೆಂದು ನಾನು ಹೇಳುವುದಿಲ್ಲ. ಎಂಥವರಾಗಬೇಕೆಂದು ಹೇಳಬಲ್ಲೆ: ಓದದೆ ಸಹಿ ಹಾಕದವರು, ಬೇಕಾದಾಗ ಹಿಂದಿರುಗಿಸುವ ಧೈರ್ಯವಿರುವವರು. ಇದೇ ಗುಣವನ್ನು ನಾಳೆ ಬೆಳಿಗ್ಗೆ ಕಚೇರಿಗೆ ಹೊರಡುವ ನಿಮ್ಮ ಮಗನಲ್ಲೂ ಸೊಸೆಯಲ್ಲೂ ಬಯಸಿರಿ. ಅವರಿಗೆ ಬಡ್ತಿ ಸಿಗಲೆಂದು ಪ್ರಾರ್ಥಿಸುವಾಗ ಈ ಧೈರ್ಯಕ್ಕಾಗಿಯೂ ಪ್ರಾರ್ಥಿಸಿರಿ.