ಕಣ್ಣು ನಿಲ್ಲುವ ಜಾಗ

ಬಿಂದು, ರೇಖೆ, ಆಕಾರ, ಘನರೂಪ, ಬಣ್ಣ, ಮೈವಳಿಕೆ, ಅವಕಾಶ: ದೃಶ್ಯಕಲೆಯ ಮೂಲಾಂಶಗಳು ಹೆಚ್ಚುಕಡಿಮೆ ಇಷ್ಟೇ. ಇವನ್ನು ಒಂದು ಕಟ್ಟಿಗೆ ತರುವ ತತ್ತ್ವಗಳಿಗೆ ಸಮತೋಲ, ಲಯ, ಪ್ರಮಾಣ, ವೈದೃಶ್ಯ, ಒತ್ತು, ಏಕತೆ ಎಂಬ ಹೆಸರುಗಳಿವೆ. ಚಿತ್ರಕಲೆ ಕಲಿಯುವವರು ಮೊದಲು ಕೇಳುವ ಈ ಪದಗಳಿಗೆ ಜಾತಿಯಿಲ್ಲ, ಮತವಿಲ್ಲ. ಆದರೂ ಗುಡಿ, ಮಸೀದಿ, ಇಗರ್ಜಿ ಮೂರೂ ಹುಟ್ಟಿರುವುದು ಇವುಗಳಿಂದಲೇ. ಪರಮಸತ್ಯ ರೂಪಕ್ಕೆ ಸಿಕ್ಕುವಂಥದ್ದಲ್ಲ ಎಂಬ ಮಾತು ಈ ಮೂರೂ ಪರಂಪರೆಗಳಲ್ಲಿದೆ. ಹಾಗಿದ್ದರೆ ರೂಪವನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ರೇಖೆ, ಬಣ್ಣಗಳು ಅದರ ಬಳಿಗೆ ಒಯ್ಯಬಲ್ಲವೇ, ಅಥವಾ ಅಡ್ಡ ನಿಲ್ಲುತ್ತವೆಯೇ? ಬೆಂಗಳೂರಿನ ದಂಡು ಪ್ರದೇಶದಲ್ಲಿ, ಹಲಸೂರಿನಿಂದ ಶಿವಾಜಿನಗರದವರೆಗಿನ ಸ್ವಲ್ಪವೇ ದೂರದಲ್ಲಿ, ಈ ಪ್ರಶ್ನೆಗೆ ಕಲ್ಲು ಗಾರೆಯಲ್ಲಿ ಕೊಟ್ಟ ಹಲವು ಉತ್ತರಗಳು ಸಿಗುತ್ತವೆ.

ಭಾರತದ ಚಿತ್ರಶಾಸ್ತ್ರ ಈ ಪದಗಳನ್ನು ತನ್ನದೇ ರೀತಿಯಲ್ಲಿ ವಿಂಗಡಿಸಿತ್ತು. ಕಾಮಸೂತ್ರಕ್ಕೆ ಯಶೋಧರ ಬರೆದ ಜಯಮಂಗಲಾ ಟೀಕೆಯಲ್ಲಿ ಚಿತ್ರದ ಆರು ಅಂಗಗಳು ಬರುತ್ತವೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಅಳತೆ, ಬಣ್ಣಗಳ ಸಾಲಿನಲ್ಲಿ ಭಾವವನ್ನೂ ಒಂದು ಅಂಗವಾಗಿ ಎಣಿಸಿದ್ದು ಇಲ್ಲಿ ಮುಖ್ಯ. ನೋಡುವವರ ಒಳಗೆ ಏನಾಗುತ್ತದೆ ಎಂಬುದೂ ಕೃತಿಯ ರಚನೆಗೆ ಸೇರಿದ್ದು ಎಂಬ ನಿಲುವು ಅದರಲ್ಲಿದೆ.

ಮೂಲಾಂಶಗಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದು ಮನೆಯ ಬಾಗಿಲಲ್ಲಿ. ಅಂಗಳಕ್ಕೆ ನೀರು ಹಾಕಿ ಮೊದಲು ರಂಗೋಲಿಯ ಚುಕ್ಕಿ ಇಡುತ್ತಾರೆ, ಆಮೇಲೆ ಎಳೆ ಬಿಡುತ್ತಾರೆ. ಎಳೆ ಕೆಲವೊಮ್ಮೆ ಚುಕ್ಕಿಯಿಂದ ಚುಕ್ಕಿಗೆ ಕೂಡುತ್ತದೆ. ತಮಿಳು ಮನೆಗಳು ಹೆಚ್ಚಿರುವ ಹಲಸೂರಿನ ಬೀದಿಗಳಲ್ಲಿ ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಬಳಸಿ ಹೋಗುವ, ಕೋಲಂ ಎಂಬ ರಂಗೋಲಿಯೂ ಇರುತ್ತದೆ. ಮೊದಲ ಬಗೆಯಲ್ಲಿ ಬಿಂದು ರೇಖೆಯೊಳಗೆ ಕರಗುತ್ತದೆ, ಎರಡನೆಯದರಲ್ಲಿ ಕಡೆಯವರೆಗೂ ಬೇರೆಯಾಗಿಯೇ ಉಳಿಯುತ್ತದೆ. ಎರಡೂ ಸಂಜೆಯೊಳಗೆ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತವೆ, ಅದಕ್ಕೆ ಯಾರೂ ಮರುಗುವುದಿಲ್ಲ. ಪೂಜ್ಯವಾದ ರೂಪ ಉಳಿಯಲೇಬೇಕು ಎಂಬ ಹಟ ಇಲ್ಲಿಲ್ಲ.

ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ರೂಪವನ್ನು ಬಿಟ್ಟುಕೊಡುವ ಇದೇ ವಿಚಾರ ಬಹಳ ದೊಡ್ಡದಾಗಿ ಬೆಳೆದಿದೆ. ವಿಜಯನಗರ ಕಾಲದ ಶೈಲಿಯ ಈ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಗೋಪುರದ ಮೇಲೆ ಕಣ್ಣಿಗೆ ಬಿಡುವೇ ಇಲ್ಲದಷ್ಟು ಮೂರ್ತಿಗಳು. ಕೈಲಾಸವನ್ನೆತ್ತುವ ರಾವಣ, ಮಹಿಷನನ್ನು ಕೊಲ್ಲುವ ದುರ್ಗೆ, ಗಿರಿಜಾ ಕಲ್ಯಾಣ, ಸಪ್ತರ್ಷಿಗಳು ಈ ಗುಡಿಯ ಶಿಲ್ಪಗಳಲ್ಲಿ ಎದ್ದು ಕಾಣುವಂಥವು. ಒಳಗೆ ಕಂಬಗಳ ಮಂಟಪಕ್ಕೆ ಬಂದರೆ ಕಥೆಗಳು ಚಿಕ್ಕ ಚಿಕ್ಕ ಉಬ್ಬುಶಿಲ್ಪಗಳಾಗುತ್ತವೆ, ಕಂಬದಿಂದ ಕಂಬಕ್ಕೆ ಒಂದು ಲಯ ಏರ್ಪಡುತ್ತದೆ. ಇಲ್ಲಿನ ಕಲ್ಲು ಗಟ್ಟಿ ಕಣಶಿಲೆ. ಬೇಲೂರಿನ ಬಳಪದ ಕಲ್ಲು ಬಿಟ್ಟುಕೊಡುವಷ್ಟು ನಯವನ್ನು ಅದು ಕೊಡುವುದಿಲ್ಲ. ಆದ್ದರಿಂದ ಶಿಲ್ಪಿಗಳು ನವಿರು ಬಿಟ್ಟು ಅಂಚಿನ ಗೆರೆಯನ್ನು, ಭಂಗಿಯನ್ನು ನಂಬಿದ್ದಾರೆ. ಮುಂದೆ ನಡೆದಂತೆ ಬೆಳಕು ಕುಗ್ಗುತ್ತದೆ, ಅಲಂಕಾರ ಬಿಟ್ಟುಹೋಗುತ್ತದೆ. ಗರ್ಭಗುಡಿಯ ಕತ್ತಲಲ್ಲಿ ಎಣ್ಣೆದೀಪದ ಹಿಂದೆ ಉಳಿಯುವುದು ಮುಖವಿಲ್ಲದ, ಕೈಕಾಲಿಲ್ಲದ ಲಿಂಗ. ಗೋಪುರದಿಂದ ಇಲ್ಲಿಯವರೆಗಿನ ನಡಿಗೆಯನ್ನು ನೋಟದ ಲೆಕ್ಕದಲ್ಲಿ ಹೇಳುವುದಾದರೆ, ಅದು ರೂಪಗಳನ್ನು ಒಂದೊಂದಾಗಿ ಕಳಚುತ್ತ ಬರುವ ನಡಿಗೆ.

ಶೈವಾಗಮಗಳು ಇದಕ್ಕೆ ತಕ್ಕ ಪರಿಭಾಷೆಯನ್ನೇ ಕೊಟ್ಟಿವೆ. ಪೂರ್ಣ ಅವಯವಗಳುಳ್ಳ ಮೂರ್ತಿ ವ್ಯಕ್ತ, ಲಿಂಗ ಅವ್ಯಕ್ತ, ಮುಖ ಕಡೆದ ಲಿಂಗ ವ್ಯಕ್ತಾವ್ಯಕ್ತ. ಆಗಮದ ಅಳತೆಗೆ ಕಡೆದ ಲಿಂಗದ ರಚನೆಯನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬುಡದ ಬ್ರಹ್ಮಭಾಗ ಚೌಕ, ನಡುವಿನ ವಿಷ್ಣುಭಾಗ ಎಂಟು ಮೂಲೆ, ಮೇಲಿನ ರುದ್ರಭಾಗ ದುಂಡು. ಚೌಕ ನೆಲದಲ್ಲಿ, ಎಂಟು ಮೂಲೆ ಪೀಠದೊಳಗೆ ಹುದುಗಿರುತ್ತವೆ. ಭಕ್ತರಿಗೆ ಕಾಣುವುದು ಕೋನವೇ ಇಲ್ಲದ ದುಂಡು ಮಾತ್ರ. ಕಾಣದ ಎರಡು ಭಾಗಗಳಿಗೂ ಶಿಲ್ಪಿ ಅದೇ ಶ್ರದ್ಧೆಯಿಂದ ಅಳತೆ ಹಿಡಿಯಬೇಕು. ಅರೂಪವನ್ನು ಹೇಳಲು ರೂಪವನ್ನು ಇದಕ್ಕಿಂತ ಸೂಕ್ಷ್ಮವಾಗಿ ದುಡಿಸಿಕೊಂಡ ಉದಾಹರಣೆ ಭಾರತೀಯ ಶಿಲ್ಪದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಸೋಮೇಶ್ವರನ ಎದುರು ನಿಂತವರು ನೋಡುವುದು ಪಶ್ಚಿಮಕ್ಕೆ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತಿನ ಮಸೀದಿಗಳಲ್ಲಿ ನಮಾಜಿಗೆ ನಿಂತವರ ಮುಖವೂ ಹೆಚ್ಚುಕಡಿಮೆ ಅತ್ತಲೇ. ಬೆಂಗಳೂರಿನಿಂದ ಮೆಕ್ಕಾ ಇರುವುದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದ ದಿಕ್ಕಿನಲ್ಲಿ. ದಿಕ್ಕು ಹತ್ತಿರದ್ದೇ ಆದರೂ ನೋಟ ಮುಟ್ಟುವ ಕೊನೆ ಬೇರೆ. ಅಲ್ಲಿ ಕತ್ತಲಲ್ಲೊಂದು ಘನರೂಪ, ಇಲ್ಲಿ ಬೆಳಕಿನಲ್ಲೊಂದು ಬರಿದಾದ ಕಮಾನುಗೂಡು. ಮಿಹ್ರಾಬ್ ಎಂಬ ಈ ಗೂಡಿನೊಳಗೆ ಏನನ್ನೂ ಇಡುವುದಿಲ್ಲ. ಅದು ದಿಕ್ಕನ್ನು ತೋರಿಸುತ್ತದೆ, ಅಷ್ಟೇ. ಕಲಾಪರಿಭಾಷೆಯಲ್ಲಿ ಖಾಲಿ ಅವಕಾಶಕ್ಕೆ ಕೊಟ್ಟ ಒತ್ತು ಇದು. ನೆಲಹಾಸಿನ ಮೇಲೆ ಸಾಲಿಗೊಂದು ಗೆರೆ ಇರುತ್ತದೆ. ಕಟ್ಟಡವನ್ನು ರಸ್ತೆಯ ಜಾಡಿಗೆ ಕಟ್ಟಿದ್ದರೆ ಈ ಗೆರೆಗಳು ಗೋಡೆಗೆ ಓರೆಯಾಗಿ ಹಾಯುತ್ತವೆ; ಗೋಡೆ ಹೇಗೇ ಇರಲಿ, ಗೆರೆ ಕಿಬ್ಲಾದ, ಅಂದರೆ ಮೆಕ್ಕಾದ ದಿಕ್ಕಿನ, ಮಾತನ್ನಷ್ಟೇ ಕೇಳುತ್ತದೆ. ಇಸ್ಲಾಮಿನ ಅಲಂಕಾರ ಕಲೆ ಪ್ರಾಣಿ, ಮನುಷ್ಯರ ಚಿತ್ರವನ್ನು ಪ್ರಾರ್ಥನಾಸ್ಥಳದಿಂದ ದೂರವಿಟ್ಟು ಬಳ್ಳಿ, ನಕ್ಷತ್ರ, ಬಹುಭುಜಗಳ ವಿನ್ಯಾಸವನ್ನೂ ಅಕ್ಷರವನ್ನೂ ಬೆಳೆಸಿತು. ಅಂಥ ವಿನ್ಯಾಸಕ್ಕೆ ನಡುವೆಂಬುದಿಲ್ಲ. ಚೌಕಟ್ಟು ತುಂಡರಿಸಿದಲ್ಲಿ ನಿಂತಂತೆ ಕಾಣುತ್ತದೆಯೇ ಹೊರತು ತಾನಾಗಿ ಮುಗಿಯುವುದಿಲ್ಲ. ಮೂರ್ತಿ ಬೇಡವೆನ್ನುವುದು ಕಲೆಯನ್ನು ಬೇಡವೆಂದಂತೆ ಎಂಬ ತಿಳಿವಳಿಕೆ ಆದ್ದರಿಂದ ತಪ್ಪು.

ಮಾರ್ಕೆಟ್ಟಿಗೆ ಹತ್ತಿರದಲ್ಲೇ ಇರುವ ಸಂತ ಮೇರಿ ಬೆಸಿಲಿಕಾದ ಈಗಿನ ಕಟ್ಟಡ 1882ರದು, ಗಾಥಿಕ್ ಶೈಲಿಯದು. ಚೂಪು ಕಮಾನು, ನೀಳ ಗೋಪುರ, ಎಲ್ಲ ರೇಖೆಯೂ ಮೇಲಕ್ಕೇ. ಬಣ್ಣದ ಗಾಜಿನ ಮೂಲಕ ಒಳಗೆ ಬೀಳುವ ಬೆಳಕು ಹೊತ್ತಿಗೆ ತಕ್ಕಂತೆ ಜಾಗ ಬದಲಿಸುತ್ತದೆ. ಯುರೋಪಿನ ಈ ಚೌಕಟ್ಟಿನೊಳಗೆ ಮರಿಯಮ್ಮನವರು ಸೀರೆ ಉಟ್ಟು ನಿಂತಿದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಮತದವರೂ ಸೇರುತ್ತಾರೆ. ಸೀರೆ ಉಡಿಸಿದರೆ ಶಿಲ್ಪಿ ತಿದ್ದಿದ ಮೈಯ ಇಳಿಜಾರು, ನೆರಿಗೆ ಮರೆಯಾಗಿ ಮುಖ, ಕೈಗಳಷ್ಟೇ ಉಳಿಯುತ್ತವೆ. ಗುಡಿಯ ಅಲಂಕಾರದಲ್ಲೂ ಆಗುವುದು ಇದೇ. ಶಿಲ್ಪವನ್ನು ಕೃತಿಯಾಗಿ ನೋಡುವವರಿಗೆ ಇದು ನಷ್ಟ. ಭಕ್ತರಿಗೆ ಹೊದಿಸುವುದೇ ಸೇವೆ. ಪೂಜೆಯ ಮೂರ್ತಿ ಶಿಲ್ಪಿಯ ಕೈಯಲ್ಲಿ ಮುಗಿದುಹೋಗುವುದಿಲ್ಲ, ದಿನವೂ ಉಡಿಸುವ, ತೊಡಿಸುವ ಕೈಗಳಲ್ಲಿ ಮುಂದುವರಿಯುತ್ತದೆ ಎಂದು ಒಪ್ಪಿಕೊಂಡರೆ ಈ ಜಗಳ ಅರ್ಧ ಬಗೆಹರಿದಂತೆ.

ಮಹಾತ್ಮ ಗಾಂಧಿ ರಸ್ತೆಯ ಕೊನೆಯಲ್ಲಿರುವ, 1851ರ ಹೋಲಿ ಟ್ರಿನಿಟಿ ಚರ್ಚು ಪ್ರಾಟೆಸ್ಟಂಟ್ ಮಾರ್ಗದ್ದು. ಅಲ್ಲಿ ಪೂಜೆಗೆಂದು ಮೂರ್ತಿಯಿಲ್ಲ, ಗೋಡೆಯ ಮೇಲಿರುವುದು ಸ್ಮರಣಫಲಕಗಳು. ನೋಡುವ ಕಣ್ಣಿಗಿಂತ ಓದುವ ಕಣ್ಣಿಗೆ, ಕೇಳುವ ಕಿವಿಗೆ ಅಲ್ಲಿ ಕೆಲಸ ಹೆಚ್ಚು.

ರೂಪ ಸತ್ಯದ ಬಳಿಗೆ ಒಯ್ಯುತ್ತದೆಯೇ, ಅಡ್ಡ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಕನ್ನಡದ ಶರಣರು ಕಟ್ಟಡದಿಂದಲೇ ಹೊರಗೆ ತಂದರು. ಸ್ಥಾವರವನ್ನು, ಅಂದರೆ ನೆಲೆನಿಂತ ಗುಡಿಯನ್ನು, ಬಿಟ್ಟ ಅವರು ರೂಪವನ್ನು ಪೂರ್ತಿ ಬಿಡಲಿಲ್ಲ. ಮೈಮೇಲೆ ಧರಿಸುವ ಇಷ್ಟಲಿಂಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅದರ ಮೇಲೆ ನುಣುಪಾದ ಕಪ್ಪು ಲೇಪ. ಎಡಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿದಾಗ ಆ ಕಪ್ಪಿನ ಮೇಲೆ ದೀಪದ ಬೆಳಕು ಒಂದು ಬಿಂದುವಾಗಿ ಮೂಡುತ್ತದೆ. ಕಂಬಸಾಲು, ಗೋಪುರ, ಕಮಾನು ಯಾವುದೂ ಇಲ್ಲದೆ ಮೈವಳಿಕೆ, ವೈದೃಶ್ಯ, ಬಿಂದು ಈ ಮೂರರಿಂದಲೇ ನೋಟ ಒಂದೆಡೆ ನಿಲ್ಲುವ ಏರ್ಪಾಡು ಅದು.